ಕಾಯಿಸದೆ ಅಳೆದ ಕಲ್ಲು

ಅಪ್ಪಾ,

ನೀನು ಕೊನೆಯ ದಿನ ಇಳಿದ ಗಣಿ ಸುರಂಗದ ಚಾವಣಿಯ ಕಲ್ಲನ್ನು ಇವತ್ತು ಮತ್ತೆ ಪರೀಕ್ಷೆ ಮಾಡಿದೆ. ನಮ್ಮ ಪ್ರಯೋಗಾಲಯಕ್ಕೆ ಹೊಸ ಕುಲುಮೆ ಬಂದಿದೆ, ಕಲ್ಲನ್ನು ಒತ್ತುತ್ತಲೇ ಕಾಯಿಸಬಹುದು.

ಮೊದಲು ತಣ್ಣಗಿರುವಾಗ ಒತ್ತಿದೆ. ಒಳಗಿನ ಸಣ್ಣ ಬಿರುಕುಗಳು ಮುಚ್ಚಿಕೊಂಡು, ಯಂತ್ರದಿಂದ ಕಳಿಸಿದ ಕಂಪನದ ಅಲೆ ಸರಾಗವಾಗಿ ಓಡಿತು; ಕಲ್ಲು ಗಟ್ಟಿಯಿದ್ದಷ್ಟೂ ಅಲೆಗೆ ವೇಗ ಹೆಚ್ಚು. ಮೂರು ವರ್ಷದ ಹಿಂದೆಯೂ ಹೀಗೇ ಓಡಿತ್ತು. ಅದನ್ನು ನೋಡಿಯೇ ನಾನು ‘ಚಾವಣಿ ಗಟ್ಟಿಯಿದೆ’ ಎಂಬ ವರದಿಗೆ ಸಹಿ ಹಾಕಿದ್ದು.

ಆಮೇಲೆ, ಪಕ್ಕದ ಕಲ್ಲಿದ್ದಲಿಗೆ ಬೆಂಕಿ ಬಿದ್ದು ಚಾವಣಿ ಕುಸಿದಾಗ ನಿನ್ನ ಸುರಂಗ ಎಷ್ಟು ಕಾದಿತ್ತೋ ಅಷ್ಟು ಕಾಯಿಸಿದೆ. ಕಲ್ಲಿನ ಹರಳುಗಳು ಒಂದೊಂದೂ ಒಂದೊಂದು ರೀತಿ ಹಿಗ್ಗಿ ಹೊಸ ಬಿರುಕು ಬಿಟ್ಟವು. ಅಲೆ ನಿಧಾನವಾಯಿತು. ತಣಿಸಿದರೂ ಹಳೆಯ ವೇಗ ಬರಲಿಲ್ಲ.

ಅವತ್ತು ನೀನು ಹಾರೆಯಿಂದ ಚಾವಣಿ ತಟ್ಟಿ ನೋಡಿ ಬಂದು, “ಸದ್ದು ಟೊಳ್ಳಾಗಿ ಕೇಳ್ತಿದೆ ಮಗಳೇ” ಅಂದಿದ್ದೆ. “ನಿನ್ನ ಕಿವಿಗಿಂತ ನಮ್ಮ ಯಂತ್ರ ಚುರುಕು ಅಪ್ಪಾ, ಧೈರ್ಯವಾಗಿ ಹೋಗು” ಅಂದೆ. ಮಗಳ ಮಾತು ಅಂತ ನೀನು ಹೊರಟೆ.

ಅಂಕಿಗಳನ್ನು ನೋಡಿದ ನಮ್ಮ ಮುಖ್ಯಸ್ಥರು, “ಆಗ ಕುಲುಮೆಯೇ ಇರಲಿಲ್ಲವಲ್ಲಮ್ಮ, ನೀನೇನು ಮಾಡೋಕಾಗ್ತಿತ್ತು?” ಅಂದರು. ‘ತಣ್ಣಗಿರುವಾಗ ಮಾತ್ರ ಅಳೆದದ್ದು’ ಎಂದು ಆ ವರದಿಯಲ್ಲಿ ಒಂದು ಸಾಲು ಬರೆಯಬಹುದಿತ್ತು. ಅದನ್ನು ಅವರಿಗೆ ಹೇಳಲಿಲ್ಲ.

ಮನೆಗೆ ಬಂದಾಗ ಅಮ್ಮ, “ಇವತ್ತೇನು ಕೆಲಸ ಇತ್ತು?” ಅಂತ ಕೇಳಿದಳು.

“ಒಂದು ಕಲ್ಲು ಕಾಯಿಸಿದೆ” ಅಂದೆ.

“ಅಷ್ಟಕ್ಕೇ ಇಷ್ಟು ಸುಸ್ತಾ?” ಎನ್ನುತ್ತಾ ಕುಡಿಯಲು ನೀರು ತಂದುಕೊಟ್ಟಳು.