ರೈಲು ನಿಂತ ದಿನದ ಶ್ರುತಿ

ಮಹಡಿ ಮನೆಯ ಅಡುಗೆಕೋಣೆಯಿಂದ,
ಭಾನುವಾರ, ಜೂನ್ ೧೪

ಪ್ರೀತಿಯ ಪುಟ್ಟೀ,

ಹೇಗಿದ್ದೀಯೇ? ಸೊಂಟದ ನೋವು ಇಳಿಯಿತೇ? ಅಳಿಯಂದಿರ ಕೆಮ್ಮು ಹೇಗಿದೆ? ದಿನವಿಡೀ ನಿಂತು ಪಾಠ ಮಾಡುವವಳು ಮನೆಗೆ ಬಂದಮೇಲಾದರೂ ಒಂದು ಗಳಿಗೆ ಕೂತುಕೋ. ಪಾತ್ರೆಗಳಿಗೇನು ಕಾಲು ಬಂದು ಓಡಿಹೋಗುವುದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿಮ್ಮಪ್ಪ ಪಕ್ಕದಲ್ಲೇ ಕೂತು, "ಸ್ಪೀಕರ್ ಹಾಕೇ, ಮಗಳ ಮಾತು ನಾನೂ ಕೇಳ್ತೀನಿ" ಅನ್ನುತ್ತಾರೆ. ಅದಕ್ಕೇ ಈ ಕಾಗದ.

ನಮ್ಮ ಬೀದಿಗೆ ಮೆಟ್ರೊ ರೈಲು ಬಂದಿದ್ದರಿಂದ ಒಳ್ಳೆಯದೇನೂ ಆಗಿಲ್ಲ ಎಂದರೆ ಬಾಯಿಗೆ ಹುಳ ಬಿದ್ದೀತು. ಪಕ್ಕದ ಮನೆಯ ನರ್ಸಮ್ಮ ಬಸ್ಸು ಬದಲಿಸಿ, ಬಾಗಿಲಲ್ಲಿ ಜೋತುಬಿದ್ದು ಆಸ್ಪತ್ರೆಗೆ ಹೋಗುತ್ತಿದ್ದಳಲ್ಲ, ಈಗ ಹೊತ್ತು ಮುಳುಗುವ ಮೊದಲೇ ಮನೆಯಲ್ಲಿರುತ್ತಾಳೆ. "ಮಗಳ ಮುಖವನ್ನ ಬೆಳಕಲ್ಲಿ ನೋಡೋ ಹಾಗಾಯ್ತಮ್ಮಾ" ಎಂದು ಮೊನ್ನೆ ಕಣ್ಣಲ್ಲಿ ನೀರು ತಂದುಕೊಂಡಳು. ಅವಳೆದುರು ರೈಲನ್ನು ಹೇಗೆ ಬೈಯಲಿ? ಆದರೆ ಅದೇ ರೈಲಿನ ಹೆಸರು ಹೇಳಿ ಅವಳ ಮನೆ ಮಾಲೀಕ ಬಾಡಿಗೆ ಏರಿಸಿದ್ದಾನೆ. ನಮ್ಮ ಮನೆ ಸ್ವಂತದ್ದು, ನಿಲ್ದಾಣಕ್ಕೆ ಕೂಗಳತೆ. ಹಾಗಾಗಿ ಬ್ರೋಕರು ದಿನಾ ಬಾಗಿಲು ತಟ್ಟುತ್ತಾನೆ. "ಅಜ್ಜಿ, ನಿಮ್ಮ ಗೋಡೆ ಈಗ ಚಿನ್ನ" ಅನ್ನುತ್ತಾನೆ. ಚಿನ್ನವಾದರೆ ರೈಲು ಹೋದಾಗಲೆಲ್ಲ ಸುಣ್ಣ ಯಾಕಪ್ಪಾ ಉದುರುತ್ತೆ ಎಂದು ಕೇಳಿದೆ. ನಕ್ಕು ಹೋದವನು ಮಾರನೆಯ ದಿನ ಮತ್ತೆ ಹಾಜರು.

ನಿಮ್ಮಪ್ಪ ಹಾರ್ಮೋನಿಯಂ ಶ್ರುತಿ ಮಾಡಲು ಕೂರುವ ಮುಂದಿನ ಕೋಣೆಯ ಕಿಟಕಿಗೆ ಸರಿಸಮವಾಗಿ ಕಂಬಗಳ ಮೇಲೆ ಹಳಿ ಬಂದಿದೆ. ಇವರ ಕೆಲಸ ನಿನಗೆ ಗೊತ್ತಲ್ಲ. ಸ್ವರ ಅಳೆಯುವ ಮಷೀನನ್ನು ಒಂದು ದಿನವೂ ಮುಟ್ಟಿದವರಲ್ಲ, "ಅದೇ ಕೇಳೋದಾದ್ರೆ ದೇವ್ರು ನನಗೆ ಕಿವಿ ಯಾಕೆ ಕೊಟ್ಟ?" ಅನ್ನುವವರು. ಅಂಥವರು ಶ್ರುತಿ ಮಾಡಿಕೊಟ್ಟ ಪೆಟ್ಟಿಗೆಯನ್ನು ಸಂಗೀತದ ಮೇಷ್ಟ್ರು ವಾಪಸು ತಂದರು. ರೈಲಿನ ಗುಂಯ್ ಸದ್ದು ತಲೆಯಲ್ಲಿ ಕೂತು, ಕೈ ಅದರ ಸ್ವರಕ್ಕೇ ಹೋಗಿಬಿಟ್ಟಿತು ಎಂದು ಇವರು ಪೇಚಾಡಿಕೊಂಡರು. ಆಮೇಲೆ ಬೇರೆಯವರ ಪೆಟ್ಟಿಗೆಗಳೂ ತಿರುಗಿ ಬಂದವು. ಈಗ ಯಾರೂ ಮೆಟ್ಟಿಲು ಹತ್ತುವುದಿಲ್ಲ. ರೈಲು ಬಂದಾಗಲೆಲ್ಲ ಇವರು ಹಿತ್ತಾಳೆ ಕೆರೆಯುವ ಅರವನ್ನು ಕೆಳಗಿಟ್ಟು, "ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ" ಎಂದು ಕಿಟಕಿಗೆ ಕೈ ತೋರಿಸಿ ಬೈಯುತ್ತಾರೆ. ರೈಲಿನೊಳಗಿನ ಜನ ಯಾರೋ ಮುದುಕ ಟಾಟಾ ಮಾಡುತ್ತಿದ್ದಾನೆ ಎಂದುಕೊಂಡು ತಿರುಗಿ ಕೈ ಬೀಸುತ್ತಾರೆ.

ಹೋದ ಬುಧವಾರ ಎಲ್ಲೋ ತಂತಿ ಕಡಿದು ಇಡೀ ದಿನ ರೈಲು ಓಡಲಿಲ್ಲ. ಕೆಲಸಕ್ಕೆ ಹೋಗುವವರೆಲ್ಲ ಬೀದಿಯಲ್ಲಿ ನಿಂತು ಶಾಪ ಹಾಕುತ್ತಿದ್ದರು. ನರ್ಸಮ್ಮ ಪಾಪ ಬಸ್ಸೂ ಸಿಗದೆ ನಡೆದೇ ಹೋದಳು. ಇವರಿಗೆ ಮಾತ್ರ ಎಲ್ಲಿಲ್ಲದ ಹುರುಪು. ತಾವೇ ಮೇಷ್ಟ್ರಿಗೆ ಫೋನ್ ಮಾಡಿ ಪೆಟ್ಟಿಗೆ ತರಿಸಿಕೊಂಡರು. ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ತೆಗೆದು ಕೆರೆಯುವುದು, ತಿದಿ ಒತ್ತಿ ಕಣ್ಣು ಮುಚ್ಚಿ ಕೇಳುವುದು, ಮತ್ತೆ ಕೆರೆಯುವುದು. ಊಟಕ್ಕೆ ಕರೆದರೆ "ಶ್!" ಅಂದರು. ವಿಶಿಲ್ ಕೂಗೀತೆಂದು ನಾನು ಕುಕ್ಕರನ್ನೂ ಇಡದೆ ಬರೀ ಪಾತ್ರೆಯಲ್ಲಿ ಬೇಯಿಸಿದೆ. ಸಂಜೆ "ಕೇಳೇ ಇಲ್ಲಿ" ಎಂದು ನುಡಿಸಿ ತೋರಿಸಿದರು. ನನಗೆಲ್ಲಿ ಸ್ವರ ತಿಳಿಯಬೇಕು, ಇವರ ಮುಖ ನೋಡುತ್ತಾ ಕೂತೆ. ಆ ಮುಖ ನೋಡಿ ಎಷ್ಟು ಕಾಲವಾಗಿತ್ತು! ಅಂದಿನಿಂದ ಒಂದೇ ಜಪ: "ಮಗಳು ಹೇಳಿದ್ದೇ ಸರಿ ಕಣೇ. ಇದನ್ನ ಮಾರಿ ಅವಳ ಹತ್ರ ಸದ್ದಿಲ್ಲದ ಕಡೆ ಮನೆ ಮಾಡೋಣ. ಮತ್ತೆ ಕೆಲಸ ಹಿಡೀತೀನಿ." ತಿಂಗಳ ಕೊನೆಗೆ ಕರಾರು ಮಾಡಿಕೊಳ್ಳೋಣ ಎಂದು ಬ್ರೋಕರಿಗೂ ಹೇಳಿಬಿಟ್ಟಿದ್ದಾರೆ.

ನೀನೂ ಅಳಿಯಂದಿರೂ ನೂರು ಕಾಲ ತಣ್ಣಗಿರಿ. ಮೊಮ್ಮಗನ ಕೆನ್ನೆಯನ್ನು ನನ್ನ ಪರವಾಗಿ ಒಂದು ಸಲ ಹಿಂಡು.

ನಿನ್ನ
ಅಮ್ಮ

ತಾ.ಕ.: ಔಷಧಿ ಅಂಗಡಿಗೆ ಹೋದ ನಿಮ್ಮಪ್ಪ ಬರುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಬುಧವಾರದ ಆ ಪೆಟ್ಟಿಗೆಯೂ ಸರಿಯಾಗಿಲ್ಲವಂತೆ. ನಿನ್ನೆ ತರಕಾರಿ ಅಂಗಡಿಯ ಮುಂದೆ ಮೇಷ್ಟ್ರು ಸಿಕ್ಕು, ತಲೆ ಎತ್ತದೆಯೇ, "ಮೇಲಿನ ಸ್ವರಗಳೆಲ್ಲ ಇನ್ನೂ ಕೆಟ್ಟಿವೆ. ಅವತ್ತು ರೈಲೇ ಇರ್ಲಿಲ್ವಲ್ಲಮ್ಮಾ" ಅಂದರು. ಹೋಗಿರುವುದು ಇವರ ಕಿವಿ, ಪುಟ್ಟೀ. ಕಿವಿಗೆ ಯಂತ್ರ ಹಾಕಿಸಿದರೆ ಮಾತು ಕೇಳೀತು, ಸ್ವರ ಕೇಳೀತೇ? ಇವರಿಗೆ ಮಾತ್ರ ಹೇಳಬೇಡಿ ಎಂದು ಮೇಷ್ಟ್ರನ್ನು ಬೇಡಿಕೊಂಡೆ. ನೀನು ಈ ಕಾಗದ ಸಿಕ್ಕ ದಿನವೇ ಫೋನ್ ಮಾಡಿ, ಈಗ ಮಾರಬೇಡಿ, ಬೆಲೆ ಇನ್ನೂ ಏರುತ್ತದೆ ಎಂದು ಅಪ್ಪನಿಗೆ ಹೇಳು. ನಿನ್ನ ಮಾತು ಮೀರುವುದಿಲ್ಲ. ಇಲ್ಲಿ ಬೈಯಲು ರೈಲಾದರೂ ಇದೆ. ಆ ಸದ್ದಿಲ್ಲದ ಮನೆಯಲ್ಲಿ ಇವರು ಯಾರನ್ನು ಬೈಯಬೇಕು?