ನೆಮ್ಮದಿಯ ಸಂಗೀತ ನಿಲ್ಲಿಸಿದ ದಿನ

ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮಯ್ಯನಿಗೆ,

ಕಾಲು ಹೇಗಿದೆ? ಪ್ಲಾಸ್ಟರ್ ಬಿಚ್ಚಿದರಾ? ಬಲ್ಬ್ ಬದಲಾಯಿಸೋಕೆ ಕುರ್ಚಿ ಮೇಲೆ ಸ್ಟೂಲ್ ಇಟ್ಟು ಹತ್ತೋ ಗಂಡಸು ಈ ಲೋಕದಲ್ಲಿ ನೀನೊಬ್ಬನೇ ಇರಬೇಕು. ಹೆಂಡತಿ ಬೈದದ್ದು ಸಾಲದಿದ್ದರೆ ನನ್ನ ಪಾಲಿನದೂ ಸೇರಿಸಿಕೋ. ಅಮ್ಮನ ಕೊನೆಗಳಿಗೆಗೆ ಬರೋಕಾಗಲಿಲ್ಲ ಅಂತ ಮಾತ್ರ ಕೊರಗಬೇಡ.

ನಿನ್ನ ಕಾಗದ ಬಂದು ಬಹಳ ದಿನ ಆಯ್ತು. ಪುರುಸೊತ್ತಿಲ್ಲದೆ ಅಲ್ಲ, ಸಿಟ್ಟಿಗೆ ಬರೆಯಲಿಲ್ಲ. ‘ಅಮ್ಮ ಪುಣ್ಯವಂತೆ, ಮಗಳ ಸಂಗೀತ ಕೇಳ್ತಾ ಕಣ್ಣು ಮುಚ್ಚಿದಳು’ ಅಂತ ಬರೆದಿದ್ದೆಯಲ್ಲ, ಆ ಸಾಲು ನೋಡಿ ಮೈಯೆಲ್ಲ ಉರಿದುಹೋಯ್ತು. ತಪ್ಪು ನಿನ್ನದಲ್ಲ ಬಿಡು. ಮನೆಗೆ ಬಂದವರೆಲ್ಲ ಅದನ್ನೇ ಅಂದರು, ನಾನೂ ತಲೆಯಾಡಿಸಿದೆ. ಆಮೇಲೆ ಏನಾಯ್ತು ಕೇಳು.

ಹೋದ ವರ್ಷ ಆ ಆಸ್ಪತ್ರೆಯವರು ವಾರ್ಡುಗಳಿಗೆ ಅಂತ ನನ್ನ ಕೈಲಿ ಸಂಗೀತ ಮಾಡಿಸಿಕೊಂಡದ್ದು ನಿನಗೆ ಗೊತ್ತು. ‘ಶುರುವಾಗಿದ್ದೂ ಗೊತ್ತಾಗಲ್ಲ, ಮುಗಿದಿದ್ದೂ ಗೊತ್ತಾಗಲ್ಲ’ ಅಂತ ನೀನು ನಕ್ಕಿದ್ದೆ. ಧ್ಯಾನ ಶಿಬಿರದವರಿಗೆ ಮಾಡಿಕೊಡೋ ಥರದ್ದೇ. ತಾಳ ಇಲ್ಲ, ಮಾತಿಲ್ಲ, ಕೊಳಲಿನ ಒಂದೇ ಉಸಿರನ್ನ ಎಳೆದೆಳೆದು ಮಂಜಿನ ಹಾಗೆ ಹರಡೋದು. ಟ್ರಾಲಿಯ ಗಡಗಡ, ಯಂತ್ರಗಳ ಕೀಂಕೀಂ ರೋಗಿಗಳ ಕಿವಿಗೆ ಬೀಳಬಾರದು ಅಂದಿದ್ದರು. ಅವೆಲ್ಲ ಅಡಿಯಲ್ಲಿ ಮುಚ್ಚಿಹೋಗೋ ಹಾಗೆ ಸ್ವರ ಹೊಂದಿಸಿಕೊಟ್ಟೆ. ನೋವಲ್ಲಿರೋ ಯಾರೋ ಒಬ್ಬರು ಅರೆಗಳಿಗೆ ಹಗುರಾದರೆ ಸಾಕು ಅಂತ ಊಟ ನಿದ್ದೆ ಬಿಟ್ಟು ಮಾಡಿದ್ದು ಕಣೋ.

ಅಮ್ಮ ತೀರಿಕೊಂಡದ್ದೂ ಆ ಆಸ್ಪತ್ರೆಯಲ್ಲೇ ತಾನೆ, ಅವಳ ಕನ್ನಡಕ, ಶಾಲು ವಾರ್ಡಿನಲ್ಲೇ ಉಳಿದಿದ್ದವು. ತರೋಣ ಅಂತ ಒಂದು ಬೆಳಿಗ್ಗೆ ಹೋದೆ. ವಾರ್ಡಿನ ತುಂಬ ನನ್ನ ಕೊಳಲು. ಕಪಾಟಿಗೆ ಬಗ್ಗಿದಾಗ ಎದುರಿನ ಹಾಸಿಗೆಯ ಅಜ್ಜನ ತುಟಿ ಅಲ್ಲಾಡೋದು ಕಾಣಿಸ್ತು. ದನಿ ಕೇಳಿಸ್ತಿಲ್ಲ. ಬಾಯಿಯ ಹತ್ತಿರ ಕಿವಿ ಇಟ್ಟೆ.

“ನೀರು... ಆಗಲಿಂದ ಕೂಗ್ತಾನೇ ಇದೀನಮ್ಮ.”

ಅವರ ತಲೆಯ ಮೇಲೇ ಸ್ಪೀಕರ್ರು. ನರ್ಸ್ ಹುಡುಕಿದರೆ ಇಡೀ ವಾರ್ಡಿಗೆ ಒಬ್ಬಳೇ, ಬೆವೆತು ಓಡಾಡ್ತಿದ್ದಳು. ಓಡಿಬಂದು ಅಜ್ಜನಿಗೆ ನೀರು ಕುಡಿಸಿದಳು.

“ಉಳಿದವರೆಲ್ಲಮ್ಮ?” ಅಂದೆ.

“ತೆಗೆದುಹಾಕಿದರು ಮೇಡಂ. ಸಂಗೀತ ಬಂದಮೇಲೆ ರೋಗಿಗಳು ಕೂಗೋದೇ ನಿಂತಿದೆ, ಇಷ್ಟು ಜನ ಯಾಕೆ ಅಂದರು.” ಆಮೇಲೆ ತಲೆ ತಗ್ಗಿಸಿ, “ಕೂಗ್ತಾರೆ ಮೇಡಂ. ನನಗೆ ಕೇಳಿಸಲ್ಲ, ಅಷ್ಟೇ,” ಅಂದಳು.

ಸಿಟ್ಟು ನೆತ್ತಿಗೇರಿತು ನೋಡು. ಸೀದಾ ಮ್ಯಾನೇಜರ್ ಕೋಣೆಗೆ ನುಗ್ಗಿದೆ. ಅವನು ಎದ್ದು ನಿಂತು, “ನಿಮ್ಮ ತಾಯಿಯವರ ವಿಷಯ ಕೇಳಿ ಬೇಜಾರಾಯ್ತು ಮೇಡಂ. ಆದರೆ ನಿಮ್ಮ ಸಂಗೀತ ಪವಾಡ ಮಾಡಿದೆ. ಒಂದೇ ಒಂದು ದೂರಿಲ್ಲ,” ಅಂದ.

“ಬಾಯಿಗೆ ಬಟ್ಟೆ ತುರುಕಿ ದೂರಿಲ್ಲ ಅಂತೀಯಲ್ಲ! ನಿಲ್ಲಿಸು ಅದನ್ನ.”

“ನಿಲ್ಲಿಸು ಅನ್ನೋಕೆ ಅದೀಗ ನಿಮ್ಮದಲ್ಲವಲ್ಲ, ನಮಗೆ ಬರೆದುಕೊಟ್ಟಿದ್ದೀರಿ,” ಅಂದ. ಆಮೇಲೆ ಬೆಣ್ಣೆಯಂಥ ದನಿಯಲ್ಲಿ, “ನೀವು ದುಃಖದಲ್ಲಿದ್ದೀರಿ. ನಮ್ಮ ಧ್ಯಾನದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತು ಹೋಗಿ.” ಅಲ್ಲಿ ಹಾಕೋದೂ ನನ್ನದೇ ಸಂಗೀತ ಕಣೋ!

ವಾರ್ಡಿಗೆ ವಾಪಸ್ ಬಂದೆ. ನಗಬೇಡ, ನಾನೂ ಸ್ಟೂಲ್ ಹತ್ತಿದೆ. ಒಂದೊಂದೇ ಸ್ಪೀಕರಿನ ವೈರು ಕಿತ್ತೆ. ಕೊನೆಯದು ನಿಂತಿತೋ ಇಲ್ಲವೋ, ವಾರ್ಡೇ ಬಾಯಿಬಿಟ್ಟ ಹಾಗಾಯ್ತು. ‘ಯಾರಾದರೂ ಬನ್ನಿ.’ ‘ಮಗ್ಗುಲು ತಿರುಗಿಸ್ರಪ್ಪ.’ ಒಬ್ಬರು ಸುಮ್ಮನೆ ಅಳ್ತಿದ್ದರು. ನೋಡೋಕೆ ಬಂದಿದ್ದ ಒಬ್ಬ ಡ್ರೈವರ್ ತನ್ನ ಅಪ್ಪನ ಮುಖ ನೋಡಿ, “ನೀನು ಇಷ್ಟು ನರಳ್ತಿದ್ದೆಯೇನಪ್ಪಾ? ನಿದ್ದೆ ಅಂದ್ಕೊಂಡಿದ್ದೆ,” ಅಂತ ಕುಸಿದ.

ವಾಚ್‌ಮನ್ ಬಂದು ನನ್ನ ತೋಳು ಹಿಡಿದ. ಆ ಡ್ರೈವರೇ ಎದ್ದು, “ಅವರನ್ನ ಮುಟ್ಟಿದರೆ ನೋಡು,” ಅಂತ ಅಡ್ಡ ನಿಂತ. ಉಳಿದವರೂ ನಿಂತರು. ಮ್ಯಾನೇಜರ್ ಬೆಣ್ಣೆ ಅವತ್ತು ಕರಗಿತು. ತೆಗೆದುಹಾಕಿದ್ದ ನರ್ಸುಗಳನ್ನ ಆ ವಾರ್ಡಿಗೆ ವಾಪಸ್ ಕರೆಸಿದ್ದಾರೆ, ಸ್ಪೀಕರ್ ಮತ್ತೆ ಹಾಕಿಲ್ಲ. ಮೇಲಿನ ಮಹಡಿಗಳಲ್ಲಿ ಇನ್ನೂ ಹಾಡ್ತಿದೆ. ನಾನು ಒಳಗೆ ಕಾಲಿಡಬಾರದಂತೆ. ಆಯ್ತು, ಗೇಟಿನ ಹೊರಗೆ ನಿಂತು, ಒಳಗೆ ಹೋಗೋ ಒಬ್ಬೊಬ್ಬರಿಗೂ ‘ನಿಮ್ಮವರ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಿ’ ಅಂತ ಹೇಳ್ತಿದ್ದೇನೆ. ನಾಳೆಯೂ ಹೋಗ್ತೇನೆ.

ಶಿಬಿರದವರು ಹೊಸದು ಮಾಡಿಕೊಡಿ ಅಂದರು. ಆಗಲ್ಲ ಅಂದೆ. ಸ್ಟುಡಿಯೋಗೆ ಬೀಗ ಹಾಕಿದ್ದೇನೆ.

ನಿನ್ನ ಕಾಲು ಬೇಗ ನೆಲ ಮುಟ್ಟಲಿ. ಹೆಂಡತಿ ಮಕ್ಕಳ ಜೊತೆ ನೂರು ಕಾಲ ತಣ್ಣಗಿರು. ಈ ಅಕ್ಕನ ಆಯಸ್ಸೂ ನಿನಗಿರಲಿ.

ನಿನ್ನ
ಅಕ್ಕ

ಮರೆತಿದ್ದೆ ಅಂತ ಸುಳ್ಳು ಹೇಳಲ್ಲ. ಬರೆಯೋಕೆ ಧೈರ್ಯ ಇರಲಿಲ್ಲ. ಅವತ್ತು ವೈರು ಕಿತ್ತ ಗಲಾಟೆಯೆಲ್ಲ ಮುಗಿದಮೇಲೆ ಅಮ್ಮನ ಪಕ್ಕದ ಹಾಸಿಗೆಯ ಹೆಂಗಸು ನನ್ನನ್ನ ಕರೆದು ಹೇಳಿದರು: “ನಿಮ್ಮಮ್ಮ ಬಂದ ದಿನವೇ, ‘ಇದನ್ನ ನಿಲ್ಲಿಸಿ, ತಲೆ ಸಿಡೀತಿದೆ’ ಅಂದರು. ನರ್ಸು, ‘ನಿಮ್ಮ ಮಗಳು ಮಾಡಿದ್ದೇ ಅಲ್ವಾ ಅಮ್ಮ’ ಅಂದಳು. ‘ಹೌದಾ, ಹಾಗಾದರೆ ಇರಲಿ ಬಿಡು’ ಅಂದರು. ಮತ್ತೆ ಬಾಯಿಬಿಡಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡಿರೋರು. ನೀವು ಬರೋದು ಕಂಡ ಕೂಡಲೇ ತೆಗೆದು ದಿಂಬಿನಡಿ ಬಚ್ಚಿಡೋರು.”