ಬುಧವಾರದ ತಪ್ಪುಗಳು ನಿಂತ ಮೇಲೆ

ಮಾನ್ಯ ಕುಲಸಚಿವರೇ,

ಭೌತಶಾಸ್ತ್ರ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ ಬೃಂದಾಳಿಗೆ ಎಂಟು ತಿಂಗಳ ಹೆಚ್ಚುವರಿ ಅವಧಿ ಕೊಡಲಾಗದೆಂದು ತಾವು ಮೂರು ಸಾಲಿನ ಪತ್ರ ಕಳಿಸಿದ್ದೀರಿ. ಕಾರಣ: ‘ಅಭ್ಯರ್ಥಿಯ ವೈಯಕ್ತಿಕ ನಿರ್ಲಕ್ಷ್ಯ’. ಈ ತಿಂಗಳ ಮೂವತ್ತಕ್ಕೆ ಅವಳ ನೋಂದಣಿ ಮುಗಿಯುತ್ತದೆ, ಅದರ ಜೊತೆಗೆ ಐದು ವರ್ಷದ ದುಡಿಮೆಯೂ. ಆ ನಿರ್ಲಕ್ಷ್ಯ ಅವಳದಲ್ಲ, ನನ್ನದು. ಸ್ವಲ್ಪ ತಮ್ಮದೂ ಹೌದು. ಇಷ್ಟನ್ನು ಹೇಳಲು ಈ ಪತ್ರ.

ತಮಗೆ ಇಂಗ್ಲಿಷಿನಲ್ಲಿ ಮೂರು ಸಲ, ಹಿಂದಿಯಲ್ಲಿ ಒಂದು ಸಲ ಬರೆದೆ. ಪೋರ್ಟಲ್ಲು ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ಆ ಕ್ಷಣವೇ ಉತ್ತರಿಸಿ ಆಮೇಲೆ ಬಾಯಿ ಮುಚ್ಚಿಕೊಂಡಿತು. ತಾವು ಓದಬಲ್ಲ ಭಾಷೆಗಳಲ್ಲಿ ಬರೆದು ಏನೂ ಆಗಲಿಲ್ಲವೆಂದ ಮೇಲೆ ಓದಲಾರದ ಭಾಷೆಯಲ್ಲಿ ಬರೆದರೆ ನನಗೇನು ನಷ್ಟ? ದೆಹಲಿ ಕನ್ನಡಿಗರ ಈ ಪುಟ್ಟ ಪತ್ರಿಕೆಯವರು ಜಾಗ ಕೊಟ್ಟಿದ್ದಾರೆ. ಇದನ್ನು ಓದುವವರಲ್ಲಿ ಮಂತ್ರಾಲಯಗಳಲ್ಲಿ ಕಡತ ನೋಡುವವರಿದ್ದಾರೆ. ಯಾರಾದರೊಬ್ಬರು ತಮ್ಮ ಕಿವಿಗೆ ಹಾಕಿಯಾರು ಎಂಬುದೊಂದು ಆಸೆ.

ನಾನು ತಮ್ಮ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ತಾಂತ್ರಿಕ ಸಹಾಯಕನಾಗಿದ್ದವನು. ಬಾಗಲಕೋಟೆಯಿಂದ ಬಂದು ಸೇರಿದಾಗ ಅಲ್ಲಿ ಒಂಬತ್ತು ಜನ ಅಧ್ಯಾಪಕರು, ಮೂರು ಪ್ರಯೋಗಾಲಯ, ಸೋರುವ ಒಂದು ವರ್ಕ್‌ಶಾಪ್. ಈಗ ನಲವತ್ತೊಂದು ಅಧ್ಯಾಪಕರು, ಏಳು ಮಹಡಿ, ಪ್ರತಿ ಮಹಡಿಗೂ ಗಾಜಿನ ಬಾಗಿಲು, ಪ್ರತಿ ಬಾಗಿಲಿಗೂ ಬೇರೆ ಬೇರೆ ಕಾರ್ಡು. ಈ ಹೊಸ ಕಟ್ಟಡದ ಉದ್ಘಾಟನೆಯ ದಿನ ತಾವು ‘ಬೆಳವಣಿಗೆ’ ಎಂಬ ಮಾತನ್ನು ಎಷ್ಟು ಸಲ ಹೇಳಿದಿರೋ, ನಾನೂ ಅಷ್ಟೇ ಸಲ ಚಪ್ಪಾಳೆ ತಟ್ಟಿದೆ. ಸುಳ್ಳಲ್ಲ, ಖುಷಿಯಾಗಿತ್ತು. ಮಳೆಗಾಲದಲ್ಲಿ ಉಪಕರಣಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ ಸಾಕಾಗಿದ್ದವನಿಗೆ ಸೋರದ ಸೂರು ಸಣ್ಣ ಸಂಗತಿಯಲ್ಲ.

ಆ ಹಳೆಯ ಕಟ್ಟಡದಲ್ಲಿ ನಮ್ಮದೊಂದು ಪದ್ಧತಿಯಿತ್ತು. ಆಗಿನ ಮುಖ್ಯಸ್ಥರಾದ ಕೃಷ್ಣಮೂರ್ತಿ ಸರ್ ಶುರುಮಾಡಿದ್ದು. ಬುಧವಾರ ಸಂಜೆ ನಾಲ್ಕಕ್ಕೆ ಎಲ್ಲರೂ ಕಾರಿಡಾರಿನಲ್ಲಿ ಸೇರಬೇಕು. ಆ ವಾರ ತಾನು ಮಾಡಿದ ಒಂದು ತಪ್ಪನ್ನು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು. ಪ್ರೊಫೆಸರಿಗೂ ವಿನಾಯಿತಿಯಿಲ್ಲ, ಕಸ ಗುಡಿಸುವವರಿಗೂ ಇಲ್ಲ. ‘ಈ ವಾರ ನಾನೇನೂ ತಪ್ಪು ಮಾಡಿಲ್ಲ’ ಎಂದವರು ಎಲ್ಲರಿಗೂ ಸಮೋಸಾ ತರಿಸಬೇಕು. ಒಬ್ಬರು ಲೆಕ್ಕದಲ್ಲಿ ಎರಡರಿಂದ ಗುಣಿಸಲು ಮರೆತಿರುತ್ತಿದ್ದರು, ಇನ್ನೊಬ್ಬರು ನಿರ್ವಾತ ಪಂಪಿನ ವಾಲ್ವು ತೆರೆದಿಟ್ಟೇ ಮನೆಗೆ ಹೋಗಿರುತ್ತಿದ್ದರು. ಕೃಷ್ಣಮೂರ್ತಿ ಸರ್ ಒಮ್ಮೆ, ಇಪ್ಪತ್ತು ವರ್ಷದಿಂದ ತಾವು ಪಾಠ ಮಾಡುತ್ತಿದ್ದ ಒಂದು ಉದಾಹರಣೆಯೇ ತಪ್ಪೆಂದು ಹೊಸ ವಿದ್ಯಾರ್ಥಿಗಳ ಮುಂದೆ ಹೇಳಿ ತಲೆ ಕೆರೆದುಕೊಂಡಿದ್ದರು. ನಾವು ನಕ್ಕೆವು, ಅವರೂ ನಕ್ಕರು. ಯಾವ ಉಪಕರಣದ ಹಣೆಬರಹ ಏನು, ಯಾವುದನ್ನು ಎಷ್ಟು ನಂಬಬೇಕು ಎಂಬುದೆಲ್ಲ ಹೊಸಬರಿಗೆ ತಿಳಿಯುತ್ತಿದ್ದದ್ದು ಅಲ್ಲೇ. ನಮ್ಮ ಮನೆಯಾಕೆ ಪದ್ಮಾ ಈಗಲೂ ಛೇಡಿಸುತ್ತಾಳೆ, “ನಿಮಗೆ ಬೇಕಾಗಿದ್ದು ಸಮೋಸಾ, ಭೌತಶಾಸ್ತ್ರ ಅಲ್ಲ.”

ಹೊಸ ಕಟ್ಟಡಕ್ಕೆ ಹೋದ ಎರಡನೇ ತಿಂಗಳು ತಮ್ಮ ಕಚೇರಿಯ ಸುತ್ತೋಲೆ ಬಂತು. ಅಗ್ನಿಸುರಕ್ಷತೆಯ ದೃಷ್ಟಿಯಿಂದ ಕಾರಿಡಾರಿನಲ್ಲಿ ಗುಂಪುಗೂಡುವಂತಿಲ್ಲ. ಸಭಾಂಗಣ ಬೇಕಿದ್ದರೆ ಏಳು ದಿನ ಮುಂಚೆ ಪೋರ್ಟಲ್ಲಿನಲ್ಲಿ ವಿಷಯವನ್ನೂ ‘ನಿರೀಕ್ಷಿತ ಫಲಿತಾಂಶ’ವನ್ನೂ ನಮೂದಿಸಬೇಕು. ನಾನೇ ಕೂತು ತುಂಬಿದೆ. ಕಾರ್ಯಕ್ರಮದ ಬಗೆ ಎಂಬಲ್ಲಿ ಉಪನ್ಯಾಸ, ಕಾರ್ಯಾಗಾರ, ಸನ್ಮಾನ, ಸಾಧನೆ ಎಂದು ನಾಲ್ಕೇ ಆಯ್ಕೆಗಳಿದ್ದವು. ತಪ್ಪು ಒಪ್ಪಿಕೊಳ್ಳುವುದು ಯಾವುದರಲ್ಲಿ ಬರುತ್ತದೆ, ಮಾನ್ಯರೇ? ನಾನು ‘ಸಾಧನೆ’ ಎಂದು ಒತ್ತಿದೆ. ಸಾಧನೆಯ ಪ್ರಮಾಣಪತ್ರ ಲಗತ್ತಿಸಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು. ಬುಧವಾರಗಳು ಅಲ್ಲಿಗೆ ನಿಂತವು. ಆಮೇಲೆ ನಮ್ಮ ವಿಭಾಗದಲ್ಲಿ ಯಾರೂ ತಪ್ಪು ಮಾಡಿದ ದಾಖಲೆಯಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ವಸ್ತುಗಳನ್ನು ಸೊನ್ನೆಗಿಂತ ಇನ್ನೂರೈವತ್ತು ಡಿಗ್ರಿ ಕೆಳಗೆ ತಣಿಸುವ ಒಂದು ಉಪಕರಣ ನಮ್ಮಲ್ಲಿದೆ. ಉದ್ದನೆಯ ಉಕ್ಕಿನ ಹಂಡೆಯ ಹಾಗಿರುವುದರಿಂದ ನಾವು ಅದನ್ನು ಹಿಂದಿಯಲ್ಲಿ ‘ಮಟಕಾ’, ಅಂದರೆ ಮಡಕೆ, ಎಂದೇ ಕರೆಯುತ್ತಿದ್ದೆವು. ಹನ್ನೊಂದು ವರ್ಷದ ಹಿಂದೆ ಅದರೊಳಗೆ ಉಷ್ಣಮಾಪಕ ಕೂರುವ ಜಾಗ ಮುರಿಯಿತು. ಹೊಸ ಭಾಗ ವಿದೇಶದಿಂದ ಬರಬೇಕು, ವರ್ಷವಾದೀತು ಎಂದರು; ಅದು ಬರಲೇ ಇಲ್ಲ. ನಾನು ಉಷ್ಣಮಾಪಕವನ್ನು ಒಂದು ಗೇಣು ಮೇಲೆ ಕೂರಿಸಿ ಕೆಲಸ ನಡೆಯುವಂತೆ ಮಾಡಿದೆ. ಆದರೆ ಅಷ್ಟು ದೂರದಿಂದ ಅದು ವಸ್ತುವಿನ ನಿಜವಾದ ಉಷ್ಣತೆ ತೋರಿಸಬೇಕಾದರೆ ಪ್ರತಿ ಸಲವೂ ನಲವತ್ತು ನಿಮಿಷ ಕಾಯಬೇಕು. ಇಲ್ಲವಾದರೆ ಅನ್ನ ಬೆಂದಿದೆಯೇ ಎಂದು ಮುಚ್ಚಳ ಮುಟ್ಟಿ ನೋಡಿದಂತೆ. ಆ ಬುಧವಾರ ಅದನ್ನು ಎಲ್ಲರೆದುರು ಹೇಳಿದೆ. ಎಲ್ಲರಿಗೂ ಗೊತ್ತಾಯಿತು. ‘ಮಹಂತೇಶನ ನಲವತ್ತು ನಿಮಿಷ’ ಎಂದು ಹುಡುಗರು ತಮಾಷೆ ಮಾಡುವಷ್ಟು ಗೊತ್ತಾಯಿತು. ಅಷ್ಟು ಗೊತ್ತಿದ್ದದ್ದನ್ನು ಉಪಕರಣದ ಮೇಲೆ ಬರೆದು ಅಂಟಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋದರು. ಕೃಷ್ಣಮೂರ್ತಿ ಸರ್ ತೀರಿಕೊಂಡರು. ಮಟಕಾ ಐದನೇ ಮಹಡಿಗೆ ಹೋಯಿತು, ನನ್ನ ಕಾರ್ಡು ಎರಡನೇ ಮಹಡಿಯ ಬಾಗಿಲನ್ನು ಮಾತ್ರ ತೆರೆಯುತ್ತಿತ್ತು. ಆಗ ಬೃಂದಾ ಬಂದಳು. ಕೊಡಗಿನ ಹುಡುಗಿ, ಸುಬೇದಾರ್ ಪೊನ್ನಣ್ಣನವರ ಮಗಳು, ಅಪ್ಪನ ಜೊತೆ ಊರೂರಿನ ಕಂಟೋನ್ಮೆಂಟುಗಳಲ್ಲಿ ಬೆಳೆದವಳು. ಒಂದು ದಿನ ಲಿಫ್ಟಿನಲ್ಲಿ ನನ್ನ ಕೈಯಲ್ಲಿದ್ದ ಕನ್ನಡ ಪತ್ರಿಕೆ ನೋಡಿ, “ಅಚ್ಛಾ, ಅಂಕಲ್ ಕನ್ನಡದವರಾ?” ಎಂದಳು. ಅಮ್ಮ ಮಾಡುವ ಅಕ್ಕಿಯುಂಡೆ ಕಡಂಬುಟ್ಟಿನ ಬಗ್ಗೆ ಹೇಳಿದಳು, ಮೆಸ್ಸಿನ ರಾಜ್ಮಾ ತಿಂದು ಬೇಜಾರಾಗಿದೆ ಎಂದಳು. ಆಮೇಲೂ ನಾಲ್ಕಾರು ಸಲ ಸಿಕ್ಕಳು. ಪ್ರತಿ ಸಲವೂ ಊಟದ ಮಾತು, ಚಳಿಯ ಮಾತು. ಏನು ಕೆಲಸ ಮಾಡುತ್ತಿದ್ದೀಯಮ್ಮಾ, ಯಾವ ಉಪಕರಣದ ಮೇಲೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಎಂಟು ತಿಂಗಳಿಗೆ ನಾನು ನಿವೃತ್ತನಾದೆ. ಶಾಲು ಹೊದಿಸಿ ಕಳಿಸಿದಿರಿ.

ಅವಳು ಮಟಕಾದ ಕೈಪಿಡಿ ಓದಿದಳು. ಕೈಪಿಡಿಯಲ್ಲಿ ಐದು ನಿಮಿಷ ಎಂದಿತ್ತು. ಮೂರು ವರ್ಷವೂ ಪ್ರತಿ ಸಲ ಐದೇ ನಿಮಿಷ ಕಾದು ಅಳತೆ ತೆಗೆದಳು. ತಣಿಸುವಾಗ ಒಂದು ರೀತಿ, ಬಿಸಿ ಮಾಡುವಾಗ ಇನ್ನೊಂದು ರೀತಿ ಫಲಿತಾಂಶ ಬಂತು. ಹೊಸ ಕಟ್ಟಡದ ನಂತರ ಬಂದ ಅವಳ ಮಾರ್ಗದರ್ಶಕರಿಗೂ ಉಷ್ಣಮಾಪಕದ ಕಥೆ ಗೊತ್ತಿರಲಿಲ್ಲ. ಆ ವ್ಯತ್ಯಾಸ ವಸ್ತುವಿನದೇ ಹೊಸ ಗುಣವೆಂದು ಇಬ್ಬರೂ ನಂಬಿದರು. ಪ್ರಬಂಧ ಪೂರ್ತಿ ಅದರ ಮೇಲೆಯೇ ನಿಂತಿತು.

ಸಲ್ಲಿಸಲು ಮೂರು ವಾರವಿದ್ದಾಗ, ಕೊನೆಯದೊಂದು ಅಳತೆಯ ನಡುವೆ ಅವಳು ಹಾಸ್ಟೆಲಿನ ಫಾರಂಗೆ ಸಹಿ ಹಾಕಿಸಲು ತಮ್ಮ ಕಚೇರಿಗೆ ಬಂದಳು. ಸಾಲಿನಲ್ಲಿ ಒಂದೂವರೆ ಗಂಟೆ ನಿಂತಳು. ವಾಪಸು ಹೋಗಿ ನೋಡಿದರೆ, ಅಷ್ಟು ಹೊತ್ತು ಬಿಟ್ಟಿದ್ದರಿಂದ ಅಳತೆ ಬದಲಾಗಿತ್ತು, ಆ ಹೊಸ ಗುಣ ಮಾಯವಾಗಿತ್ತು. ತಮ್ಮ ಕಚೇರಿ ಭೌತಶಾಸ್ತ್ರಕ್ಕೆ ಸಲ್ಲಿಸಿದ ಏಕೈಕ ಸೇವೆ ಇದೇ ಇರಬೇಕು.

ಮಟಕಾ ಬಿಚ್ಚಿ ಉಷ್ಣಮಾಪಕ ಜಾಗ ಬಿಟ್ಟು ಕೂತಿದ್ದನ್ನು ಕಂಡು, ಮುಂದಿನ ಭಾನುವಾರ ಅವಳು ವಿಳಾಸ ಹುಡುಕಿಕೊಂಡು ಜನಕಪುರಿಯ ನಮ್ಮ ಮನೆಗೆ ಬಂದಳು. ಪದ್ಮಾ ಕೊಟ್ಟ ಉಪ್ಪಿಟ್ಟಿನ ತಟ್ಟೆ ಮಡಿಲಲ್ಲಿ ಹಾಗೇ ಇತ್ತು.

“ಅಂಕಲ್, ಅದರ ಥರ್ಮಾಮೀಟರ್ ಫಿಕ್ಸ್ ಮಾಡಿದ್ದು ನೀವಂತೆ, ಹೌದಾ?”

“ಹೌದಮ್ಮಾ, ನಾನೇ. ನಲವತ್ತು ನಿಮಿಷ ಕಾಯ್ತೀಯಲ್ಲ?”

ಅವಳು ನನ್ನನ್ನೇ ನೋಡಿದಳು. “ಫೈವ್ ಮಿನಿಟ್ಸ್, ಅಂಕಲ್. ಮುಝೆ ಕಿಸೀನೆ ಬತಾಯಾ ಹೀ ನಹೀ. ಯಾರೂ ಹೇಳಲಿಲ್ಲ.”

ಅವಳು ಬೈದಿದ್ದರೆ ಸಹಿಸಬಹುದಿತ್ತು. “ಚಲೋ, ಕಾರಣ ಗೊತ್ತಾಯ್ತಲ್ಲ,” ಎಂದು ಹೇಳಿ, ಆರಿದ ಉಪ್ಪಿಟ್ಟನ್ನು ಪದ್ಮಾಳ ಸಮಾಧಾನಕ್ಕೆಂದು ಪೂರ್ತಿ ತಿಂದು ಹೋದಳು. ಅವತ್ತು ನನಗಾದ ಸಂಕಟವನ್ನು ಯಾವ ಭಾಷೆಯಲ್ಲೂ ಅರ್ಜಿಯಾಗಿ ಬರೆಯಲು ಬರುವುದಿಲ್ಲ.

ಒಂದು ಮಾತು ಗಮನಿಸಿ, ಮಾನ್ಯರೇ. ಅವಳು ಸುಮ್ಮನಿದ್ದಿದ್ದರೆ ಇವತ್ತು ಡಾಕ್ಟರ್ ಬೃಂದಾ ಆಗಿರುತ್ತಿದ್ದಳು. ಪರೀಕ್ಷಕರು ಬಂದು ಮಟಕಾದ ಮುಚ್ಚಳ ತೆಗೆದು ಇಣುಕುತ್ತಿರಲಿಲ್ಲ. ತಮ್ಮ ವಾರ್ಷಿಕ ವರದಿಯ ಬೆಳವಣಿಗೆಯ ಪಟ್ಟಿಯಲ್ಲಿ ಇನ್ನೊಂದು ಅಂಕಿ ಸೇರುತ್ತಿತ್ತು. ಅವಳು ತಾನಾಗಿಯೇ ಪ್ರಬಂಧ ಸಲ್ಲಿಸದೆ ತಡೆಹಿಡಿದು, ಆದ ತಪ್ಪನ್ನು ಎರಡು ಪುಟ ವಿವರವಾಗಿ ಬರೆದು, ಮತ್ತೆ ಅಳೆಯಲು ಎಂಟು ತಿಂಗಳು ಕೊಡಿ ಎಂದಳು. ತಾವು ಆ ಎರಡು ಪುಟದಿಂದಲೇ ‘ನಿರ್ಲಕ್ಷ್ಯ’ ಎಂಬ ಪದಕ್ಕೆ ಸಾಕ್ಷಿ ತೆಗೆದಿರಿ. ನಿಜ ಹೇಳಿದವಳನ್ನು ಅವಳ ಮಾತಿನಿಂದಲೇ ಕಟ್ಟಿಹಾಕಿದ ಮೇಲೆ, ಆ ಏಳು ಮಹಡಿಯಲ್ಲಿ ಇನ್ನು ಯಾರು ಬಾಯಿ ಬಿಡುತ್ತಾರೆ?

ನನ್ನ ಕೋರಿಕೆ ಸರಳ. ಮೂವತ್ತನೇ ತಾರೀಖಿನೊಳಗೆ ಆ ಕಡತ ತೆರೆಯಿರಿ, ಎಂಟು ತಿಂಗಳು ಕೊಡಿ. ಉಷ್ಣಮಾಪಕ ಸರಿಸಿದವನು ನಾನು, ಬರೆದಿಡದವನು ನಾನು ಎಂದು ಯಾವ ಕಾಗದದ ಮೇಲೆ ಬೇಕಾದರೂ ಸಹಿ ಹಾಕುತ್ತೇನೆ. ಅವಳ ಹೆಸರಿನ ಜಾಗದಲ್ಲಿ ನನ್ನದನ್ನು ಬರೆದುಕೊಳ್ಳಿ. ಬುಧವಾರ ಸಂಜೆ ಅರ್ಧ ಗಂಟೆ ಆ ಕಾರಿಡಾರನ್ನೂ ಜನರಿಗೆ ಬಿಟ್ಟುಕೊಡಿ. ಮಾತಾಡಿದರೆ ಬೆಂಕಿ ಹತ್ತುವುದಿಲ್ಲ.

ಈ ಪತ್ರ ಬರೆಯುತ್ತಿದ್ದೇನೆಂದು ನಿನ್ನೆ ಅವಳಿಗೆ ಫೋನ್ ಮಾಡಿದೆ. ಹಾಸ್ಟೆಲಿನಲ್ಲಿ ಸಾಮಾನು ಕಟ್ಟುತ್ತಿದ್ದಳು. “ರೆಹನೇ ದೋ, ಅಂಕಲ್, ಬಿಟ್ಟುಬಿಡಿ. ನಿಮಗೆ ಸುಮ್ಮನೆ ತೊಂದರೆ,” ಎಂದಳು. ಆಮೇಲೆ ಹೇಳಿದಳು: “ಮಟಕಾದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೀನಿ, ನಲವತ್ತು ನಿಮಿಷ ಕಾಯಿರಿ ಅಂತ. ಜುಲೈನಲ್ಲಿ ಹೊಸ ಹುಡುಗಿ ಬರ್ತಾಳಂತೆ. ಅವಳಿಗೆ ಹೀಗಾಗಬಾರದು.”

ಹನ್ನೊಂದು ವರ್ಷದಲ್ಲಿ ನಾನು ಮಾಡದ ಕೆಲಸವನ್ನು, ತಾವು ನಿರ್ಲಕ್ಷ್ಯದವಳೆಂದು ಹೊರಹಾಕುತ್ತಿರುವ ಹುಡುಗಿ ಹೋಗುವ ಮುಂಚೆ ಮಾಡಿಟ್ಟಿದ್ದಾಳೆ.

ಇಂತಿ,
ಶಿಕ್ಷೆ ತನಗೆ ಬರಬೇಕಿತ್ತೆಂದು ಬಲ್ಲ
ಮಹಂತೇಶ್
ನಿವೃತ್ತ ತಾಂತ್ರಿಕ ಸಹಾಯಕ, ಜನಕಪುರಿ